ಮೈದಾನದಲ್ಲಿ ಪಾಠ, ಕ್ಲಾಸಿನಲ್ಲಿ ಕಸರತ್ತು

ನನ್ನ ಅಣ್ಣ ಪಿ.ಟಿ. ಮಾಸ್ತರ ಎಂದರೆ ಯಾರೂ ನಂಬುವುದಿಲ್ಲ. ನಂಬುವುದಾದರೂ ಹೇಗೆ? ಹೈಸ್ಕೂಲ್ ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು ಕೂರಿಸಿ, ಕರಿಹಲಗೆಯ ಮೇಲೆ ತೊಡೆಯ ಸ್ನಾಯು ಬರೆಯುತ್ತಾನೆ. ಕ್ಲಾಸಿಗೆ ಕರೆತಂದು ಬೆಂಚುಗಳ ನಡುವೆ ಬಸ್ಕಿ ಹೊಡೆಸುತ್ತಾನೆ! "ಥಿಯರಿ ಬ್ಯಾರೆ, ಪ್ರಾಕ್ಟಿಕಲ್ ಬ್ಯಾರೆ ಅಂತ ಯಾವ ಶಾಣ್ಯಾ ಹೇಳ್ದಾ?" ಎಂಬುದು ಅವನ ವಾದ. ಕೆಳಗಿನ ಮಹಡಿಯ ಭೂಗೋಳದ ಟೀಚರ್ ಮಾತ್ರ ಆ ಪೀರಿಯಡ್‌ಗೆಂದೇ ಭೂಕಂಪದ ಪಾಠ ಇಟ್ಟುಕೊಳ್ಳುತ್ತಾರಂತೆ. ಉದಾಹರಣೆ ಮೇಲಿನಿಂದಲೇ ಬರುತ್ತದಲ್ಲ!

ಮನೆಯವರಿಗಾದರೂ ಬಿಡುಗಡೆ ಉಂಟೇ? ಒಮ್ಮೆ ಮಾಟುಂಗದಲ್ಲಿ ಚಿಕ್ಕಪ್ಪನ ಮಗಳ ಮದುವೆ. ನಾವು ಅಂಧೇರಿ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗಲೇ ಲೋಕಲ್ ರೈಲು ಬಂದು ನಿಂತಿತ್ತು. ಓಡಲು ಹೊರಟಿದ್ದ ನನ್ನ ಕೈಯನ್ನು ಅಣ್ಣ ಗಪ್ಪನೆ ಹಿಡಿದ. "ತಡಿ! ವಾರ್ಮ್‌ಅಪ್ ಇಲ್ದ ಓಡಿದ್ರ ಮೀನಖಂಡ ಹಿಡೀತದ!" ಅವನು ಪ್ಲಾಟ್‌ಫಾರ್ಮಿನ ಮೇಲೆ ಕಾಲು ಚಾಚಿ, ಬಗ್ಗಿ ಏಳುವಷ್ಟರಲ್ಲಿ ಗಾಡಿ ಹೋಗಿಯಾಗಿತ್ತು, ಮುಂದಿನದು ತಡವಾಗಿ ಬಂತು. ತಾಳಿ ಕಟ್ಟುವುದನ್ನು ನೋಡಲಾಗಲಿಲ್ಲ, ಊಟಕ್ಕೆ ಸಿಕ್ಕೆವು. ಮೀನಖಂಡಗಳು ಮಾತ್ರ ಸುಖವಾಗಿದ್ದವು.

ಇಂಥವನ ಶಾಲೆಯಲ್ಲೇ ನನ್ನ ಮಗಳು ಒಂಬತ್ತನೆಯ ಕ್ಲಾಸು. ಅವಳಿಗೆ ದಮ್ಮು. ನನ್ನ ನಗು ಇಲ್ಲಿಗೇ ನಿಲ್ಲುತ್ತದೆ. ಅವಳು ಮೆಟ್ಟಿಲು ಹತ್ತಿದರೂ ನನ್ನ ಕಿವಿ ಅವಳ ಉಸಿರಿನ ಮೇಲೇ ಇರುತ್ತದೆ. ಆಟದ ಪೀರಿಯಡ್‌ನಲ್ಲಿ ಅವಳನ್ನು ಬೆಂಚಿನ ಮೇಲೇ ಕೂರಿಸಬೇಕೆಂದು ಅಣ್ಣನಿಂದ ಆಣೆ ಹಾಕಿಸಿಕೊಂಡಿದ್ದೆ. ಹಾಗಾಗಿ ಬರೀ ಪಾಠ ಕೇಳಿ ಕೇಳಿ, ಶ್ವಾಸಕೋಶದ ಬಗ್ಗೆ ಅವಳಷ್ಟು ಚೆನ್ನಾಗಿ ಬರೆಯುವವರು ಕ್ಲಾಸಿನಲ್ಲೇ ಇಲ್ಲ. ಓಡಿದ್ದು ಮಾತ್ರ ಒಮ್ಮೆಯೂ ಇಲ್ಲ.

ಈ ಸಲದ ಪಿ.ಟಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಓಡುತ್ತೇನೆಂದು ಅವಳೇ ಹಟ ಹಿಡಿದಳು. "ಮಮ್ಮಿ, ಡಾಕ್ಟರ್ ನೇ ಹಾಂ ಬೋಲಾ ಹೈ ನಾ? ಸ್ಲೋ ಓಡ್ತೀನಿ, ಒಂದೇ ರೌಂಡ್. ಸಬ್ ಲೋಗ್ ನನಗೆ ಬೆಂಚ್‌ವಾಲಿ ಅಂತಾರೆ."

ಡಾಕ್ಟರು ಒಪ್ಪಿದ್ದು ನಿಜ. ಒಪ್ಪದವಳು ನಾನು! ಅಣ್ಣನಾದರೂ ಬೇಡವೆನ್ನಲಿ ಎಂದು ಅವನತ್ತ ನೋಡಿದೆ. "ಉಸಿರಿನ ಥಿಯರಿ ಅಕೀಗೆ ಪೂರಾ ಬರ್ತದ. ಓಡ್ಲಿ ಬಿಡು. ನೀ ಸುಮ್ಸುಮ್ನ ಹೆದರಬ್ಯಾಡ" ಎಂದುಬಿಟ್ಟ. ಎಂಥ ಕಲ್ಲೆದೆಯವನಪ್ಪಾ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಪರೀಕ್ಷೆಯ ದಿನ ಆಫೀಸಿಗೆ ರಜೆ ಹಾಕಿ ಮೈದಾನದ ಅಂಚಿಗೆ ನಿಂತೆ. ಪಕ್ಕದ ಹಳೇ ಬಿಲ್ಡಿಂಗ್ ಕೆಡವಿ ವಾರವಾಗಿತ್ತು, ಧೂಳು ಇನ್ನೂ ಇದೆಯೇನೋ ಎಂದು ಗಾಳಿ ಮೂಸಿದೆ! ಮಗಳು ಡಾಕ್ಟರು ಹೇಳಿದಂತೆ ದಮ್ಮಿನ ಔಷಧಿಯ ಪಂಪನ್ನು ಬಾಯಿಗಿಟ್ಟು ಎಳೆದುಕೊಂಡು ಹೊರಟಳು. ಆ ಪಂಪನ್ನು ಕೈಯಲ್ಲಿ ಹಿಡಿದು ಅಣ್ಣನೂ ಪಕ್ಕದಲ್ಲೇ ಓಡಿದ. "ಮೂಗಿಂದ ಒಳಗ... ಬಾಯಿಂದ ಹೊರಗ... ಭುಜ ಸಡ್ಲ ಬಿಡು!" ಪಾಠ ಸಾಗಿಯೇ ಇತ್ತು.

ಅರ್ಧ ಸುತ್ತಿನ ತಿರುವಿನಲ್ಲಿ ಮಗಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ಅಣ್ಣನ ದನಿ ನಿಂತುಹೋಯಿತು. ಅವಳು ಸ್ವಲ್ಪ ದೂರ ನಡೆದಳು, ಅಣ್ಣ ಚಾಚಿದ ಪಂಪ್ ಬೇಡವೆಂದು ಕೈಯಾಡಿಸಿದಳು, ಮತ್ತೆ ನಿಧಾನವಾಗಿ ಓಡಿ ಸುತ್ತು ಮುಗಿಸಿದಳು. ಗೆಳತಿಯರು ಕುಣಿದರು. ನಾನು ಓಡಿಹೋಗಿ ಅವಳ ಎದೆಗೆ ಕಿವಿಯಿಟ್ಟೆ. ಗೊರಗೊರ ಇರಲಿಲ್ಲ. "ಮಮ್ಮಿ, ಸಬ್ ದೇಖ್ ರಹೇ ಹೈಂ!" ಎಂದು ಸುತ್ತ ನೋಡುತ್ತಿದ್ದವರನ್ನು ಕಂಡು ನಾಚಿಕೊಂಡಳು.

ಅಣ್ಣ ಮಾತ್ರ ಮಣ್ಣಿನಲ್ಲೇ ಕೂತುಬಿಟ್ಟಿದ್ದ. "ಏನೋ ಮಾಸ್ತರ, ಪಾಠ ಅರ್ಧಕ್ಕ ನಿಂತಿತಲ್ಲೋ?" ಎಂದು ಕೆಣಕಿದೆ.

ತಲೆ ಎತ್ತಿದ. ಕಣ್ಣು ತುಂಬಿತ್ತು.

"ಅಕಿ ಎದಿ ಮ್ಯಾಲೆ ಕೈ ಇಟ್ಕೊಂಡ್ಳಲ್ಲವ್ವಾ... ಉಸಿರು ಹೆಂಗ ತಗೋಬೇಕಂತ ನನಗ ಮರ್ತ ಹೋತು."