ಕಸವಿಲ್ಲದ ಊರಿನ ಶಿಲ್ಪವನ

ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ಹೋಗುವ ಬಸ್ಸು ನೀರು ಕುಡಿಯಲು ನಿಲ್ಲುವ ನಮ್ಮ ಊರಿನಲ್ಲಿ, ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಕಸದ ಅಭಾವ ಉಂಟಾಯಿತೆಂಬುದು ಪುರಸಭೆಯ ನಡವಳಿಯಲ್ಲಿ ದಾಖಲಾಗಿರುವ ಸಂಗತಿ. ಅಕ್ಕಿಯ ಅಭಾವ, ಸಕ್ಕರೆಯ ಅಭಾವ, ಸೀಮೆಎಣ್ಣೆಯ ಅಭಾವ ಹಿಂದೆಯೂ ಆಗಿದ್ದವು. ಅವುಗಳನ್ನು ಪುರಸಭೆ ಶಾಂತಚಿತ್ತದಿಂದ ಎದುರಿಸಿತ್ತು. ಕಸದ ಅಭಾವ ಮಾತ್ರ ಹೊಸದು. ಆಗ ನಾನು ಅಲ್ಲಿ ಓವರ್ಸಿಯರ್ ಆಗಿದ್ದೆ. ಈಗ ಏನಾಗಿದ್ದೇನೆ ಎಂಬುದನ್ನು ಕ್ರಮವಾಗಿ ನಿವೇದಿಸಿಕೊಳ್ಳುತ್ತೇನೆ.

ಇದಕ್ಕೆಲ್ಲ ಮೂಲ ಮೇಲಿನಿಂದ ಬಂದ ಒಂದು ಸುತ್ತೋಲೆ. ಎಷ್ಟು ಮೇಲಿನಿಂದ ಎಂಬುದು ತಿಳಿಯಲಿಲ್ಲ, ಏಕೆಂದರೆ ಸಹಿಯ ಮೇಲೆ ಸೀಲು, ಸೀಲಿನ ಮೇಲೆ ಇನ್ನೊಂದು ಸಹಿ ಬಿದ್ದಿತ್ತು. “ಪ್ರತಿಯೊಂದು ಪುರಸಭೆಯೂ ತನ್ನ ವ್ಯಾಪ್ತಿಯಲ್ಲಿ ಉತ್ಪನ್ನವಾಗುವ ನಿರುಪಯುಕ್ತ ವಸ್ತುಗಳಿಂದ ಸಾರ್ವಜನಿಕ ಶಿಲ್ಪವನವೊಂದನ್ನು ನಿರ್ಮಿಸತಕ್ಕದ್ದು. ಉಪಯುಕ್ತ ವಸ್ತುಗಳನ್ನು ಬಳಸಿದ್ದು ಕಂಡುಬಂದಲ್ಲಿ ಸಂಬಂಧಪಟ್ಟವರ ಮೇಲೆ ಕ್ರಮ ಜರುಗಿಸಲಾಗುವುದು.” ಬೇಲೂರು, ಹಳೇಬೀಡು ಇರುವ ಜಿಲ್ಲೆಯಲ್ಲಿ ಶಿಲ್ಪಗಳಿಗೆ ಕೊರತೆಯಿದೆಯೆಂದು ಯಾರಿಗೆ ಹೊಳೆಯಿತೋ ಕಾಣೆ. ಶಿಲ್ಪವನ ಮೆಚ್ಚುಗೆಯಾದರೆ ಅದರ ಸುತ್ತ ಕಾಂಪೌಂಡ್ ಗೋಡೆಗೆ ಅನುದಾನ ಕೊಡಲಾಗುವುದೆಂದು ಕೊನೆಯ ಸಾಲಿನಲ್ಲಿತ್ತು. ಪುರಸಭೆಯ ಅಧ್ಯಕ್ಷರಾದ ಪರಮಶಿವಯ್ಯನವರ ಅಳಿಯಂದಿರು ಆಕಸ್ಮಿಕವಾಗಿ ಗೋಡೆ ಕಟ್ಟಿಸುವ ಕಂಟ್ರಾಕ್ಟರಾಗಿದ್ದರು. ಆದ್ದರಿಂದ ಅಧ್ಯಕ್ಷರಿಗೆ ಕಲೆಯ ಮೇಲೆ ಆ ಮಧ್ಯಾಹ್ನವೇ ಅಭಿಮಾನ ಹುಟ್ಟಿತು.

ಶಿಲ್ಪಿಯಾಗಿ ನನ್ನನ್ನು ನೇಮಿಸಲಾಯಿತು. ನಾನು ಕಟ್ಟಿಸಿದ ಮೋರಿಯೊಂದು ಮಲಗಿದ ಎಮ್ಮೆಯಂತೆ ಕಾಣುತ್ತದೆಂದು ಸದಸ್ಯರೊಬ್ಬರು ಹಿಂದೆ ಆಕ್ಷೇಪಿಸಿದ್ದರು. ಆ ಆಕ್ಷೇಪಣೆಯನ್ನೇ ಈಗ ಅರ್ಹತೆಯೆಂದು ಪರಿಗಣಿಸಲಾಯಿತು. ನಾನೂ ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಆ ಮೋರಿಯಲ್ಲಿ ಒಂದು ಕಳೆ ಇದೆಯೆಂದು ನನಗೂ ಒಳಗೊಳಗೇ ಅನ್ನಿಸುತ್ತಿತ್ತು; ನೀರು ಹರಿಯುವುದಿಲ್ಲ ಎಂಬುದು ಬೇರೆ ವಿಷಯ.

ಜವಾನ ಲಕ್ಕಯ್ಯನನ್ನೂ ಕೈಗಾಡಿಯನ್ನೂ ಕಟ್ಟಿಕೊಂಡು ಕಸ ಹುಡುಕಲು ಹೊರಟೆ. ಊರಿನಲ್ಲಿ ಕಸವೇ ಇರಲಿಲ್ಲ. ಒಲೆಯ ಬೂದಿ ಪಾತ್ರೆ ಬೆಳಗಲು ಬೇಕಿತ್ತು. ಹರಿದ ಸೀರೆ ಕೌದಿಯಾಗಿತ್ತು, ಸವೆದ ಟೈರು ಕಾಲಿಗೆ ಮೆಟ್ಟಾಗಿತ್ತು, ಸೀಮೆಎಣ್ಣೆ ಡಬ್ಬವನ್ನು ಬಡಿದು ಬಚ್ಚಲಿಗೆ ಬಾಗಿಲು ಮಾಡಿಕೊಂಡಿದ್ದರು. ತಿಪ್ಪೆಗಳಲ್ಲಿದ್ದದ್ದನ್ನು ರೈತರು ಹೊಲಕ್ಕೆ ಹೊಡೆದಾಗಿತ್ತು. ತುಕ್ಕು ಹಿಡಿದ ಮೊಳೆ ಕೂಡ ಕೊಣನೂರು ಸಂತೆಯಲ್ಲಿ ಮಾರಾಟವಾಗುತ್ತಿತ್ತು. ಹೊನ್ನಕ್ಕ ಎಂಬಾಕೆಯ ಅಂಗಳದಲ್ಲಿ ಕಡ್ಡಿ ಮುರಿದ ಛತ್ರಿಯೊಂದನ್ನು ಕಂಡು ನನಗೆ ಪ್ರಾಣ ಬಂದಂತಾಯಿತು.

“ಈ ಕೆಟ್ಟುಹೋದ ಛತ್ರಿಯನ್ನು ಪುರಸಭೆಗೆ ಕೊಡಬಹುದೇ?” ಎಂದು ಕೇಳಿದೆ.

“ಕೆಟ್ಟೋಗಿದ್ದಾ? ಯಾರ್ ಸಾ ಅಂದೋರು?” ಎಂದು ಹೊನ್ನಕ್ಕ ಛತ್ರಿ ಎತ್ತಿದಳು. ಅಡಿಯಲ್ಲಿ ಕೋಳಿಮರಿಗಳಿದ್ದವು. “ಅದ್ದು ಬಂದ್ರೆ ಇದ್ನ ನಿಮ್ ಮಿನಿಸಿಪಾಲ್ಟಿ ಬಂದು ಕಾಯ್ತದಾ?”

ಪುರಸಭೆಗೆ ಹದ್ದು ಕಾಯುವ ಬಾಬ್ತು ಇಲ್ಲವಾದ್ದರಿಂದ ನಾವು ಮುಂದೆ ನಡೆದೆವು. ಸಂಜೆಯ ಹೊತ್ತಿಗೆ ಕೈಗಾಡಿ ಖಾಲಿಯಾಗಿಯೇ ಇತ್ತು. ಊರಿನ ಜನ ಹೀಗೆ ಎಲ್ಲವನ್ನೂ ಉಪಯೋಗಿಸಿ ಸರ್ಕಾರಕ್ಕೆ ಅಸಹಕಾರ ತೋರುತ್ತಿದ್ದಾರೆಂದು ನಾನು ವರದಿ ಸಲ್ಲಿಸಿದೆ.

ಪುರಸಭೆಯ ತುರ್ತು ಸಭೆ ಸೇರಿತು. ಅಧ್ಯಕ್ಷರು ದೀರ್ಘಕಾಲ ಆಲೋಚಿಸಿ ಒಂದು ತತ್ವವನ್ನು ಮಂಡಿಸಿದರು: “ಯಾವುದೇ ವಸ್ತು ನಿರುಪಯುಕ್ತವೇ ಅಲ್ಲವೇ ಎಂಬುದನ್ನು ತೀರ್ಮಾನಿಸುವ ಅಧಿಕಾರ ಆ ವಸ್ತುವಿಗಿಲ್ಲ, ಪುರಸಭೆಗಿದೆ.” ಇಷ್ಟು ಸರಳವಾದ ವಿಷಯ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಎಲ್ಲರೂ ತಲೆದೂಗಿದರು. ಆ ಕ್ಷಣವೇ ಕಸ ಹುಡುಕಲು ಹೋಗಿದ್ದ ಕೈಗಾಡಿಯನ್ನು ಕಂಡಂ ಮಾಡಲಾಯಿತು, ಅಂದರೆ ಕೆಲಸಕ್ಕೆ ಬಾರದ್ದೆಂದು ಬರೆದುಹಾಕಲಾಯಿತು. ಬಸ್ ಸ್ಟ್ಯಾಂಡಿನ ಹೊಸ ಬೆಂಚನ್ನು ಅಧ್ಯಕ್ಷರು ತಮ್ಮ ಜಗಲಿಗೆ ಒಯ್ದು, ತಮ್ಮ ಜಗಲಿಯ ಹಳೇ ಬೆಂಚನ್ನು ಉದಾರವಾಗಿ ಶಿಲ್ಪವನಕ್ಕೆ ಕೊಟ್ಟರು. ಬಸ್ ಸ್ಟ್ಯಾಂಡಿನ ಎದುರಿಗೇ ಮನೆಯಿದ್ದ ಪುರಸಭಾ ಸದಸ್ಯ ನಂಜಯ್ಯನವರು, ಅಲ್ಲಿಯ ಬಾವಿಯ ರಾಟೆ ಕಿರುಗುಟ್ಟಿ ತಮ್ಮ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ಬಹಳ ದಿನದಿಂದ ದೂರು ಕೊಟ್ಟಿದ್ದರು. ರಾಟೆಗೆ ಎಣ್ಣೆ ಬಿಡಲು ಬಾಬ್ತು ಇರಲಿಲ್ಲ, ಕಂಡಂ ಮಾಡಲು ಇತ್ತು. ಅದರ ಜೊತೆಯಲ್ಲೇ, ಬಾವಿಗೆ ಬಿದ್ದ ಬಿಂದಿಗೆಗಳನ್ನು ಮೇಲೆತ್ತುವ ಪಾತಾಳಗರಡಿಯನ್ನೂ ಸೇರಿಸಲಾಯಿತು. ನಿರುಪಯುಕ್ತವೆಂಬ ಸರ್ಟಿಫಿಕೇಟಿಗೆ ನಾನು ಸಹಿ ಹಾಕಿದೆ.

ಬಸ್ ಸ್ಟ್ಯಾಂಡಿನ ಪಕ್ಕದ ಬಯಲಿನಲ್ಲಿ ಶಿಲ್ಪ ಎದ್ದಿತು. ಬೆಂಚನ್ನು ನೆಟ್ಟಗೆ ನಿಲ್ಲಿಸಿ ಮೈ ಮಾಡಿದೆ. ಕೈಗಾಡಿಯ ಒಂದು ಚಕ್ರದ ಕಬ್ಬಿಣದ ಬಳೆ ಕಳಚಿ ಮೇಲೆ ಕೂರಿಸಿ, ಅದರೊಳಗೆ ಮುಖದ ಸ್ಥಾನದಲ್ಲಿ ರಾಟೆಯನ್ನು ತೂಗುಹಾಕಿದೆ. ಪಾತಾಳಗರಡಿಯ ಕೊಕ್ಕೆಗಳು ಬಲಗೈಯ ಬೆರಳುಗಳಾದವು. ‘ಪ್ರಗತಿ’ ಎಂದು ಹೆಸರಿಟ್ಟು, ‘ಮುಟ್ಟಬಾರದು’ ಎಂದು ಬೋರ್ಡು ಹಾಕಿಸಿದೆ. ಎರಡು ದಿನ ನಾನು ಕನ್ನಡಿಯಲ್ಲಿ ನನ್ನ ಮುಖವನ್ನು ಗೌರವದಿಂದ ನೋಡಿಕೊಂಡೆ.

ಮೂರನೆಯ ದಿನ ದೊಡ್ಡತಾಯಮ್ಮ ಬಂದಳು. ಬಸ್ ಸ್ಟ್ಯಾಂಡಿನ ಬಾವಿಯಿಂದ ನೀರು ಸೇದಿ ಬಸ್ಸುಗಳಿಗೂ ಕಾಫಿ ಹೋಟೆಲಿಗೂ ಹೊತ್ತುಹಾಕಿ ಜೀವನ ಮಾಡುವ ಹೆಂಗಸು. ಸುತ್ತಿನ ಬೀದಿಯವರಿಗೂ ಅದೊಂದೇ ಬಾವಿ.

“ಸಾ, ನಮ್ ರಾಟೆ ಯಾಕ್ ಸಾ ಅಲ್ ಕುಂತದೆ?”

“ಅದು ಈಗ ರಾಟೆಯಲ್ಲ ದೊಡ್ಡತಾಯಮ್ಮ. ಪ್ರಗತಿಯ ಮುಖ.”

“ಆಯಮ್ಮ ಯಾವೂರೋಳೋ ನಾ ಕಾಣೆ. ಆಯಮ್ಮಂಗೆ ಮಖ ಇಲ್ದಿದ್ರೂ ನಡೀತದೆ. ನಂಗೆ ರಾಟೆ ಇಲ್ದಿದ್ರೆ ನಡಿಯಾಕಿಲ್ಲ. ನೋಡಿ ಇಲ್ಲಿ.”

ಆಕೆ ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಚರ್ಮ ಸುಲಿದು ಕೆಂಪಗಾಗಿತ್ತು. ಬೇಸಿಗೆಯಲ್ಲಿ ನೀರು ಪಾತಾಳಕ್ಕೆ ಇಳಿದಿತ್ತು. ರಾಟೆಯಿಲ್ಲದೆ ಹಗ್ಗವನ್ನು ಕಟ್ಟೆಯ ಕಲ್ಲಿಗೆ ಉಜ್ಜಿಕೊಂಡೇ ಎಳೆಯಬೇಕಿತ್ತು. ನನಗೆ ನಾಚಿಕೆಯಾಯಿತು. ಪುರಸಭೆಯ ನೌಕರನು ನಾಚಿಕೆಪಡಲು ನಿಯಮಗಳಲ್ಲಿ ಅವಕಾಶವಿದೆಯೇ ಎಂದು ಯೋಚಿಸಿದೆ. ಸ್ಪಷ್ಟವಾದ ನಿಷೇಧ ನೆನಪಿಗೆ ಬರಲಿಲ್ಲ.

“ನೋಡು ತಾಯಿ, ರಾಟೆ ಉಪಯೋಗಕ್ಕೆ ಬರುವುದಿಲ್ಲವೆಂದು ಸರ್ಟಿಫಿಕೇಟ್ ಆಗಿದೆ. ಬರುತ್ತದೆ ಎಂದು ಈಗ ಒಪ್ಪಿಕೊಂಡರೆ ಸಹಿ ಹಾಕಿದ ನನ್ನ ಮೇಲೆ ಕ್ರಮ. ಬರುವುದಿಲ್ಲ ಎಂದರೆ ಅದು ನಿನಗೇಕೆ?”

“ಅಂಗಾರೆ ನೀವೇ ಬಂದು ಒಂದ್ ಬಿಂದ್ಗೆ ಸೇದ್ಕೊಡಿ ಸಾ.”

ಸೇದಲು ಹೋದೆ. ಅರ್ಧದಲ್ಲಿ ಕೈ ಜಾರಿ ಬಿಂದಿಗೆ ಹಗ್ಗದ ಸಮೇತ ಬಾವಿ ಸೇರಿತು. ಅದನ್ನು ಎತ್ತಲು ಪಾತಾಳಗರಡಿ ಬೇಕಿತ್ತು. ಅದು ಪ್ರಗತಿಯ ಬಲಗೈಯಲ್ಲಿತ್ತು. ದೊಡ್ಡತಾಯಮ್ಮ ಬಾವಿಯನ್ನೂ ನನ್ನನ್ನೂ ನೋಡಿ, ಹೋಟೆಲಿನಿಂದ ಕಡದ ಬಿಂದಿಗೆ ತರಲು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ನಾನು ಧೈರ್ಯಮಾಡಿ, ಶಿಲ್ಪದಿಂದ ರಾಟೆ ತೆಗೆಯಬಹುದೇ ಎಂದು ಮೇಲಕ್ಕೆ ಬರೆದೆ. ಆಶ್ಚರ್ಯವೆಂದರೆ ಬೇಸಿಗೆ ಮುಗಿಯುವುದರೊಳಗೇ ಉತ್ತರ ಬಂತು. ಶಿಲ್ಪದ ಯಾವುದೇ ಭಾಗವನ್ನು ಕಾರಣ ಹೇಳದೆ ತೆಗೆಯಬಹುದು. ಆದರೆ ಅದೇ ಜಾಗದಲ್ಲಿ “ಪುರಸಭೆಗೆ ಸೇರಿದ, ಹಿಂದೆಂದೂ ಉಪಯೋಗಕ್ಕೆ ಬಾರದ, ಮುಂದೆಯೂ ಬರುವ ಸಂಭವವಿಲ್ಲದ” ವಸ್ತುವನ್ನು ಇರಿಸತಕ್ಕದ್ದು. ಬದಲಿಗೆ ಇಟ್ಟದ್ದು ಉಪಯುಕ್ತವೆಂದು ಗೊತ್ತಾದರೆ ಮೊದಲಿನದನ್ನೇ ತಂದು ಕೂರಿಸತಕ್ಕದ್ದು. ತನಿಖೆಗೆ ಮುಂದಿನ ವಾರ ಮೇಲಧಿಕಾರಿಗಳೇ ಬರುವರು.

ಮತ್ತೆ ಹುಡುಕಾಟ. ಈ ಸಲ ಪುರಸಭೆಯ ಆಸ್ತಿಯಲ್ಲೇ ಹುಡುಕಬೇಕಿತ್ತು. ಮುರಿದ ಗಡಿಯಾರವನ್ನು ತೆಗೆಯಲು ಹೋದರೆ, ಅದರ ಹಿಂದೆ ಎಲೆಅಡಿಕೆ ಇಟ್ಟುಕೊಳ್ಳುತ್ತೇನೆಂದು ಲಕ್ಕಯ್ಯ ಅಡ್ಡ ನಿಂತ. ನಾನು ತಯಾರಿಸಿದ್ದ ಚರಂಡಿಯ ನಕ್ಷೆಗಳನ್ನು ತಂದಿಟ್ಟೆ. ಬೂಂದಿ ಕಟ್ಟಲು ಅಂಥ ಒಳ್ಳೆಯ ಕಾಗದ ಎಲ್ಲೂ ಸಿಗುವುದಿಲ್ಲವೆಂದು ಹೋಟೆಲಿನವರು ಸಾಕ್ಷಿ ಹೇಳಿ ಒಯ್ದರು.

ಕೊನೆಗೆ ಸಭೆ ಸೇರಿತು. ಬಾಗಿಲಲ್ಲಿ ದೊಡ್ಡತಾಯಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಳು. ಅಧ್ಯಕ್ಷರು ಷರತ್ತನ್ನು ಗಟ್ಟಿಯಾಗಿ ಓದಿದರು: “ಪುರಸಭೆಗೆ ಸೇರಿದ. ಹಿಂದೆಂದೂ ಉಪಯೋಗಕ್ಕೆ ಬಾರದ. ಮುಂದೆಯೂ ಬರುವ ಸಂಭವವಿಲ್ಲದ.”

ಮೊದಲು ದೊಡ್ಡತಾಯಮ್ಮ ನನ್ನ ಕಡೆ ನೋಡಿದಳು. ಆಮೇಲೆ ನಂಜಯ್ಯನವರು ನೋಡಿದರು. ಆಮೇಲೆ ಸಭೆಯೇ ನೋಡಿತು. ನಾನೂ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ, ಗೋಡೆಯಿತ್ತು.

ಲಕ್ಕಯ್ಯ ಕೆಮ್ಮಿದ. “ವಸ್ತು ಅಂದ್ರೆ ಉಸ್ರಾಡ್ಬಾರ್ದು ಅಂತ ಏನಾರ ಬರ್ದದಾ ಸಾ?”

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಹುಡುಕಿದರು. ಹಾಗೇನೂ ಬರೆದಿರಲಿಲ್ಲ.

“ಓವರ್ಸಿಯರೇ, ನಿಮ್ಮದೇನಾದರೂ ಆಕ್ಷೇಪಣೆ?” ಎಂದರು.

ಇದೆ ಎನ್ನಬೇಕಾದರೆ ನಾನು ಮಾಡಿದ ಒಂದಾದರೂ ಉಪಯುಕ್ತ ಕೆಲಸವನ್ನು ಹೆಸರಿಸಬೇಕಿತ್ತು. ಮೋರಿ ನೆನಪಾಯಿತು. ನೀರು ಹರಿಯದ್ದೂ ನೆನಪಾಯಿತು. ಬಾಗಿಲಲ್ಲಿ ಬಟ್ಟೆ ಸುತ್ತಿದ ಆ ಕೈಗಳು ಕಾಣುತ್ತಿದ್ದವು. “ಇಲ್ಲ,” ಎಂದೆ. ನನ್ನನ್ನು ಕಂಡಂ ಮಾಡುವ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ನಡವಳಿಯನ್ನು ಅಂದವಾಗಿ ಬರೆದುಕೊಟ್ಟವನೂ ನಾನೇ. ಮನೆಗೆ ಹೋಗಿ ಹೆಂಡತಿಗೆ ತಿಳಿಸಿದಾಗ ಆಕೆ ಸಾರಿಗೆ ಒಗ್ಗರಣೆ ಹಾಕುತ್ತಾ, “ಸಂಬ್ಳ ಬತ್ತದಾ?” ಎಂದಷ್ಟೇ ಕೇಳಿದಳು.

ತನಿಖೆಯ ದಿನ ಬೆಳಿಗ್ಗೆ ರಾಟೆ ಬಿಚ್ಚಿ ಬಾವಿಗೆ ಕಟ್ಟಲಾಯಿತು. ನಾನು ಬೆಂಚಿನ ಹಿಂದೆ ಅಟ್ಟಣೆಯ ಮೇಲೆ ಸೀಮೆಎಣ್ಣೆ ಡಬ್ಬ ಹಾಕಿಕೊಂಡು ಕುಳಿತು, ಬಳೆಯೊಳಗೆ ಮುಖ ತೂರಿಸಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು. ಅಧಿಕಾರಿಗಳು ಜೀಪಿನಿಂದಿಳಿದು ಶಿಲ್ಪದ ಸುತ್ತ ಬಂದು, ನನ್ನೆದುರು ನಿಂತು, ಬೆರಳಿನಿಂದ ನನ್ನ ಕೆನ್ನೆ ತಟ್ಟಿದರು.

“ಮುಖದಲ್ಲಿ ಏನೂ ಇಲ್ಲ. ಅದೇ ಇದರ ಸೊಗಸು,” ಎಂದರು. “ಇದು ಮೊದಲು ಏನಾಗಿತ್ತು?”

“ಓವರ್ಸಿಯರ್ ಆಗಿತ್ತು ಸಾರ್,” ಎಂದರು ಅಧ್ಯಕ್ಷರು.

“ಉಪಯೋಗಕ್ಕೆ ಬರುತ್ತಿತ್ತೆ?”

ಅಧ್ಯಕ್ಷರು ತಡವರಿಸಿದರು. ಬರುತ್ತಿತ್ತು ಎಂದರೆ ಅಳಿಯಂದಿರ ಗೋಡೆ ಕಟ್ಟುವ ಮೊದಲೇ ಬೀಳುತ್ತಿತ್ತು. ಬರುತ್ತಿರಲಿಲ್ಲ ಎಂದರೆ ಇಷ್ಟು ವರ್ಷ ಸಂಬಳ ಏಕೆ ಕೊಟ್ಟಿರೆಂಬ ಪ್ರಶ್ನೆ ಏಳುತ್ತಿತ್ತು. ಬಾವಿಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದ ದೊಡ್ಡತಾಯಮ್ಮನ ಕೈ ನಿಂತಿತು.

“ಇಲ್ಲ ಬುದ್ದಿ,” ಎಂದು ಅಲ್ಲಿಂದಲೇ ಕೂಗಿದಳು. “ನಾ ಕಂಡಂಗೆ ಒಂದ್ ದಿನಾನೂ ಬಂದಿಲ್ಲ. ಬೇಕಾದ್ರೆ ಬಾವೀಲಿರಾ ಬಿಂದ್ಗೆ ಕೇಳಿ.”

ಅಧಿಕಾರಿಗಳು ತೃಪ್ತರಾಗಿ, ಸಹಿ ಮಾಡಿ, ಕಾಫಿ ಕುಡಿದು ಹೋದರು. ಆ ಮಾತು ನನ್ನ ಎದೆಗೆ ನಾಟಿತು. ಉತ್ತರ ಕೊಡೋಣವೆಂದರೆ ಶಿಲ್ಪಗಳು ಮಾತಾಡುವ ಪದ್ಧತಿಯಿಲ್ಲ.

ಇದಾಗಿ ಮೂರು ಬೇಸಿಗೆ ಕಳೆದಿವೆ. ಗೋಡೆ ಎದ್ದಿದೆ, ಒಂದು ಕಡೆ ಬಿದ್ದೂ ಇದೆ. ನಾನು ಆಫೀಸಿನ ವೇಳೆಗೆ ಸರಿಯಾಗಿ ಬಂದು ಬಳೆಯೊಳಗೆ ಮುಖವಿಡುತ್ತೇನೆ, ಭಾನುವಾರ ರಜೆ. ನನ್ನ ಮೇಜಿನ ಕೆಲಸವನ್ನು ಯಾರು ಮಾಡುತ್ತಿದ್ದಾರೆಂದು ವಿಚಾರಿಸಿದೆ. ಯಾರೂ ಮಾಡುತ್ತಿಲ್ಲವಂತೆ, ಕಡತಗಳು ಮೊದಲಿನ ವೇಗದಲ್ಲೇ ಸಾಗುತ್ತಿವೆಯಂತೆ. ಬಸ್ಸಿನವರು ನನಗೆ ಕೈ ಬೀಸುತ್ತಾರೆ. ನಂಜಯ್ಯನವರು ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಾರೆ. ಬಾವಿಯ ಕಡೆಯಿಂದ ದಿನವಿಡೀ ಕಿರ್ ಕಿರ್ ಎಂದು ಕೇಳುತ್ತಿರುತ್ತದೆ, ನನಗೆ ಅದು ಹಿತವಾಗಿದೆ.

ಶಿಲ್ಪಗಳನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕೆಂಬ ನಿಯಮವಿದೆ. ಆ ಕೆಲಸ ಈಚೆಗೆ ದೊಡ್ಡತಾಯಮ್ಮನಿಗೆ ಸಿಕ್ಕಿದೆ. ಮೊನ್ನೆ ನನ್ನ ಹಣೆಯ ಧೂಳು ಒರೆಸುವಾಗ ಆಕೆಯ ಅಂಗೈ ಕಂಡಿತು. ಗಾಯದ ಗುರುತೂ ಉಳಿದಿರಲಿಲ್ಲ.

“ಅವತ್ತು ಅಂಗಂದೆ ಅಂತ ಬೇಜಾರ್ ಮಾಡ್ಕಬ್ಯಾಡಿ ಸಾ,” ಎಂದಳು. “ನೀವ್ ಇಲ್ಲಿ ಕುಂತಿರಾದ್ಕೇ ಅಲ್ವಾ ಅಲ್ಲಿ ನೀರ್ ಬತ್ತಾ ಇರಾದು? ಇಡೀ ಬೀದಿಗೇ ಉಪಯೋಗ ಆಗಿದೀರಿ.”

ನನ್ನ ನೌಕರಿಯಲ್ಲಿ ಈ ಮಾತನ್ನು ಯಾರೂ ಹೇಳಿರಲಿಲ್ಲ. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹೋಟೆಲಿನ ಮುಂದೆ ಲೋಟ ಹಿಡಿದು ನಿಂತಿದ್ದ ಅಧ್ಯಕ್ಷರು ಈ ಕಡೆ ತಿರುಗಿದರು.

“ಮೆಲ್ಲಗೆ ಅನ್ನು ತಾಯಿ,” ಎಂದೆ ತುಟಿ ಅಲುಗಿಸದೆ. “ಅವರಿಗೆ ಕೇಳಿಸಿದರೆ ರಾಟೆ ವಾಪಸ್ ಇಲ್ಲಿಗೇ ಬರುತ್ತದೆ.”

ದೊಡ್ಡತಾಯಮ್ಮ ಸರಕ್ಕನೆ ನನ್ನ ಕಣ್ಣೊರೆಸಿದಳು. ಬಟ್ಟೆ ಹಿಂಡಿ, ಬಿಂದಿಗೆ ಸೊಂಟಕ್ಕೇರಿಸಿಕೊಂಡು, ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದಳು:

“ಥೂ, ಯಾತಕ್ಕೂ ಬರಾಕಿಲ್ಲ ಕಣಪ್ಪ ಇದು!”

ಅಧ್ಯಕ್ಷರು ಸಮಾಧಾನದಿಂದ ತಲೆಯಾಡಿಸಿ, ಮಿಕ್ಕ ಕಾಫಿ ಕುಡಿದರು.