ಉಗುರಿಲ್ಲದ ಕ್ಲೆಮಿಯ ಮೊದಲ ಬೇಟೆ

ಇಲಿ ಹಿಡಿಯುವ ವಿಷಯದಲ್ಲಿ ನಾನೀಗ ಯಾರಿಗೂ ಸಲಹೆ ಕೊಡುವುದಿಲ್ಲ. ಆ ಹಕ್ಕನ್ನು ನನ್ನ ಹೆಂಡತಿ ವೆಲ್ಮಾ ರದ್ದು ಮಾಡಿ, ನಮ್ಮ ನೆಬ್ರಾಸ್ಕಾ ರಾಜ್ಯದ ಅರ್ಧ ಜನಕ್ಕೆ ತಿಳಿಸಿದ್ದಾಳೆ. (ಉಳಿದರ್ಧಕ್ಕೆ ಅವಳ ತಂಗಿ ತಿಳಿಸುತ್ತಿದ್ದಾಳೆ.)

ಮೂವತ್ತು ವರ್ಷ ಲಾರಿ ಓಡಿಸಿದ ಬೆನ್ನಿಗೆಂದು ನಾನೊಂದು ಚರ್ಮದ ಒರಗುಕುರ್ಚಿ ತಂದಿದ್ದೆ. ವಾರದೊಳಗೆ ನಮ್ಮ ಬೆಕ್ಕು ಕ್ಲೆಮಿ ಆ ಸಿಂಹಾಸನವನ್ನು ಪರಚಿ ಚಿಂದಿ ಮಾಡಿತು. ವೆಲ್ಮಾ ಬೇಡವೆಂದರೂ ಕೇಳದೆ ಪ್ರಾಣಿಗಳ ಡಾಕ್ಟರ ಹತ್ತಿರ ಆಪರೇಷನ್ ಮಾಡಿಸಿ ಅದರ ಮುಂಗಾಲಿನ ಉಗುರು ತೆಗೆಸಿದೆ. ಉಗುರಿನ ಜೊತೆ ಬೆರಳ ತುದಿಯ ಮೂಳೆಯೂ ಹೋಗುತ್ತದೆಂದು ಆಮೇಲೆ ಗೊತ್ತಾಯಿತು. (ಸಹಿ ಮಾಡುವಾಗ ಕಾಗದ ಓದಿರಲಿಲ್ಲ.) ಅವತ್ತಿನಿಂದ ಕ್ಲೆಮಿ ನನ್ನ ತೊಡೆ ಹತ್ತುವುದನ್ನೇ ಬಿಟ್ಟಿತು. ಅದರಿಂದ ನನಗೆ ಕುರ್ಚಿ ಹರಿದದ್ದಕ್ಕಿಂತ ಹೆಚ್ಚು ನೋವಾಯಿತು.

ಅಕ್ಟೋಬರಿನಲ್ಲಿ ಮೆಕ್ಕೆಜೋಳದ ಕೊಯ್ಲು ಮುಗಿಯುತ್ತಲೇ ಹೊಲದ ಇಲಿಗಳು ಸಕುಟುಂಬ ಸಪರಿವಾರವಾಗಿ ನಮ್ಮ ನೆಲಮಾಳಿಗೆಗೆ ಬಂದಿಳಿದವು. ಕ್ಲೆಮಿ ಹಾರಿ ಪಂಜ ಇಡುತ್ತಿತ್ತು, ಇಲಿ ನುಣುಚಿಕೊಂಡು ಹೋಗುತ್ತಿತ್ತು.

"ಆಯುಧ ಕಿತ್ಕೊಂಡು ಯುದ್ಧಕ್ಕೆ ಕಳಿಸಿದೀಯ," ಎಂದಳು ವೆಲ್ಮಾ.

"ಬೋನು ಇಡ್ತೀನಿ ಬಿಡು."

"ಬೋನೇ ಇಡು. ಪಾಷಾಣ ಮಾತ್ರ ಮುಟ್ಟಬೇಡ ಲೀಲಂಡ್. ಮನೇಲಿ ಬೆಕ್ಕಿದೆ."

ಬೋನಿಗೆ ಸಿಕ್ಕಿದ್ದು ನನ್ನ ಕಾಲ್ಬೆರಳೊಂದೇ. ಹಾಗಾಗಿ ಅವಳಿಗೆ ಹೇಳದೆ, ಬೆಕ್ಕಿಗೆ ಎಟುಕದಂತೆ ಒಲೆಯ ಹಿಂದೆ ಇಲಿಪಾಷಾಣದ ಬಿಲ್ಲೆಗಳನ್ನಿಟ್ಟೆ.

ನಾಲ್ಕನೇ ದಿನ ಕ್ಲೆಮಿ ಇಲಿ ಕಚ್ಚಿಕೊಂಡು ಬಂದು, ನನ್ನ ಕಾಲ ಬಳಿಯೇ ಕೂತು ತಿಂದಿತು. ಕ್ಷಮಿಸಿತಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು.

"ನೋಡ್ದ್ಯಾ? ಉಗುರು ಯಾಕೆ ಬೇಕು?" ಎಂದು ಬೀಗಿದೆ.

"ಆ ಇಲಿ ಓಡಲೇ ಇಲ್ಲ ಕಣೋ, ತೂಕಡಿಸ್ತಾ ನಿಂತಿತ್ತು. ಏನಿಟ್ಟಿದೀಯ?"

"ಏನೂ ಇಲ್ಲಪ್ಪ," ಎಂದೆ. ಒಲೆಯ ಹಿಂದಿನ ಬಿಲ್ಲೆಗಳು ನೆನಪಾದವು, ಆದರೂ ಹಾಗೇ ಎಂದೆ.

ಅದಾದ ಮೂರನೇ ದಿನ ಕ್ಲೆಮಿಯ ಒಸಡಿನಲ್ಲಿ ರಕ್ತ ಜಿನುಗಿತು, ಎದ್ದು ನಿಲ್ಲಲಾಗಲಿಲ್ಲ. ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಅದನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದಿದ್ದ ವೆಲ್ಮಾಗೆ ಎಲ್ಲ ಒಪ್ಪಿಕೊಂಡೆ. ಅವಳು ಒಂದು ಮಾತೂ ಬೈಯಲಿಲ್ಲ. ಮದುವೆಯಾದಾಗಿನಿಂದ ಅಂಥ ಭಯ ನನಗೆ ಆಗಿರಲಿಲ್ಲ.

ಕ್ಲೆಮಿ ಬದುಕಿತು. ತಿಂಗಳಿಡೀ ದಿನಾ ಮಾತ್ರೆ ನುಂಗಿಸಬೇಕೆಂದರು ಡಾಕ್ಟರು. ಆ ಸೇವೆ ನನ್ನ ಪಾಲಿಗೆ ಬಂತು. ಮೊದಲ ದಿನವೇ ಅದು ನನ್ನ ಹೆಬ್ಬೆರಳನ್ನು ಮೂಳೆ ಮುಟ್ಟುವ ಹಾಗೆ ಕಚ್ಚಿತು. ನೋವಿಗೆ ಚೀರಿಕೊಂಡೆ.

ವೆಲ್ಮಾ ಆಲೂಗಡ್ಡೆ ಸುಲಿಯುತ್ತಲೇ ಕೇಳಿದಳು.

"ಹಲ್ಲು ಕೀಳಿಸೋಕೆ ಯಾವತ್ತು ಕರ್ಕೊಂಡು ಹೋಗ್ತೀಯ?"