ಬ್ಲಾಗು ತಿದ್ದಲು ಹೋದ ಕೆಂಪು ಮಸಿ

ಬೆಂಗಳೂರಿನಲ್ಲಿ ಕೂತು ಒಬ್ಬರ ಬರಹ ಚೆನ್ನಾಗಿಲ್ಲ ಅಂತ ಬರೆದರೆ ಅವರ ಮುಖ ನೋಡುವ ಪ್ರಸಂಗ ಈ ಜನ್ಮದಲ್ಲಿ ಬರಲಾರದು. ಚಾಮರಾಜನಗರದಲ್ಲಿ ಕೂತು ಬರೆದು ನೋಡಿ, ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಅವರೇ ಬಂದು "ಸ್ವಲ್ಪ ಸರ್ಕೊಳ್ಳಿ ಮೇಡಂ" ಅನ್ನುತ್ತಾರೆ. ನನಗಂತೂ ಇಂಥದ್ದು ಆಗುತ್ತಲೇ ಇತ್ತು.

ಆಗ ನಾನು ಗುಂಡ್ಲುಪೇಟೆಯ ಜೂನಿಯರ್ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕಿ. ಮನೆ ಚಾಮರಾಜನಗರದಲ್ಲಿ. ದಿನಾ ತೆರಕಣಾಂಬಿ ಮೇಲೆ ಹೋಗುವ ಬಸ್ಸು. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳು ಚೌಕ ಚೌಕವಾಗಿ ಕಾಣುವುದು ನಿಂತು, ಅಕ್ಷರಗಳಾಗಿಯೇ ಕಾಣಲು ಶುರುವಾಗಿದ್ದ ಕಾಲ. ಬರೆಯಬೇಕೆಂದು ಕೈ ತುರಿಸುತ್ತಿದ್ದವರೆಲ್ಲ ಬ್ಲಾಗು ತೆರೆದರು. ನನಗೆ ತಿದ್ದುವುದಕ್ಕೆ ಕೈ ತುರಿಸುತ್ತಿತ್ತು. ಮನೆ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು "ಕೆಂಪು ಮಸಿ" ಅಂತ ನಾನೂ ಒಂದು ಬ್ಲಾಗು ಮಾಡಿದೆ. ಅದರಲ್ಲಿ ಬೇರೆಯವರ ಬ್ಲಾಗುಗಳ ವಿಮರ್ಶೆ: ಬಣ್ಣ ಕಣ್ಣಿಗೆ ಹಿತವೇ, ಅಕ್ಷರ ಕಾಣುತ್ತದೆಯೇ, ವಾಕ್ಯ ತನ್ನ ಕಾಲ ಮೇಲೆ ನಿಲ್ಲುತ್ತದೆಯೇ. ಹೆಸರಿಲ್ಲ, ಫೋಟೋ ಇಲ್ಲ. ಮನೆಯಲ್ಲೂ ಯಾರಿಗೂ ಹೇಳಲಿಲ್ಲ.

ಟಾರ್ಚು

ಮೊದಲು ಕೈಗೆ ಸಿಕ್ಕಿದ್ದು ಒಂದು ಕವಿತೆಗಳ ಬ್ಲಾಗು. ಕಪ್ಪು ಹಿನ್ನೆಲೆ, ಅದರ ಮೇಲೆ ಕಡುನೀಲಿ ಅಕ್ಷರ, ಅದರ ಮೇಲೆ ಬಿಡದೆ ಸುರಿಯುವ ಹಿಮ. ಮೌಸು ಅಲ್ಲಾಡಿಸಿದರೆ ಅದರ ಹಿಂದೆ ನಕ್ಷತ್ರಗಳು ಉದುರುತ್ತಿದ್ದವು. ಕವಿತೆಗಳೆಲ್ಲ ಚಂದ್ರಿಕೆ ಎಂಬುವಳ ಮೇಲೆ. ನಾನು ಬರೆದೆ: "ಈ ಬ್ಲಾಗನ್ನು ಓದಲು ಟಾರ್ಚು ಬೇಕು. ಟಾರ್ಚು ಹಾಕಿ ಓದಿದ ಮೇಲೆ, ಹಾಕದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ."

ಎರಡು ದಿನ ಬಿಟ್ಟು ನಮ್ಮ ಪ್ರಿನ್ಸಿಪಾಲರು ಕೋಣೆಗೆ ಕರೆಸಿದರು. "ಬಾಗಿಲು ಹಾಕ್ಕೊಂಡು ಬನ್ನಿ ಮೇಡಂ."

"ನಾನು ಸ್ವಲ್ಪ ಕವಿತೆ ಬರೀತೀನಿ. ಯಾರಿಗೂ ಹೇಳ್ಬೇಡಿ," ಅಂತ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಹಿಮ ಸುರಿಯುತ್ತಿತ್ತು. "ಚಂದ್ರಿಕೆ ಅಂದ್ರೆ ಬೆಳದಿಂಗಳು ಅಷ್ಟೆ. ಬೇರೆ ಏನೂ ಇಲ್ಲ."

ನಾನು ಕೇಳಿರಲಿಲ್ಲ.

"ಯಾವನೋ ಕೆಂಪು ಮಸಿ ಅಂತೆ. ಟಾರ್ಚು ಬೇಕು ಅಂತಾನೆ. ಅವನಿಗೆ ಸರಿಯಾಗಿ ಒಂದು ಉತ್ತರ ಕೊಡ್ಬೇಕು. ನನ್ನ ಕೈಲಿ ಬೈಯಕ್ಕೆ ಬರಲ್ಲ, ಬರೀ ಶೃಂಗಾರ. ನೀವು ಕನ್ನಡದೋರು, ನೀವೇ ಬರ್ಕೊಡಿ."

ಅವರೆದುರೇ ಕೂತು "ತಮ್ಮ ವಿಮರ್ಶೆ ಏಕಪಕ್ಷೀಯವಾಗಿದೆ" ಅಂತ ಬರೆದೆ.

"ಸಪ್ಪೆ ಆಯ್ತು. ಖಾರ ಹಾಕಿ."

"ಅರಸಿಕ" ಅಂತ ಸೇರಿಸಿದೆ. ಸಾಲದು ಅಂದರು. "ಹೊಟ್ಟೆಕಿಚ್ಚಿನವ" ಅಂದೆ. ಅದೂ ಸಾಲಲಿಲ್ಲ. ಕೊನೆಗೆ ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಅಂತ ನನ್ನನ್ನು ನಾನೇ ಕತ್ತೆ ಮಾಡಿದ ಮೇಲೆ ಅವರ ಮುಖ ಅರಳಿತು.

"ಇದನ್ನ ಓದಿದ ಮೇಲೆ ಅವನಿಗೆ ನಿದ್ದೆ ಬರುತ್ತಾ ಮೇಡಂ?"

"ಬರಲ್ಲ ಸಾರ್," ಅಂದೆ. "ಅದಂತೂ ಖಂಡಿತ ಬರಲ್ಲ."

ಆನೆ

ಗುಂಡ್ಲುಪೇಟೆಯ ಆಚೆ, ಕಾಡಂಚಿನ ಮದ್ದೂರಿನ ಕಡೆ ಅರಣ್ಯ ಇಲಾಖೆಯಲ್ಲಿದ್ದ ಒಬ್ಬರು, "ನನ್ನ ಬ್ಲಾಗನ್ನೂ ನೋಡಿ ನಾಲ್ಕು ಮಾತು ಬರೆಯಿರಿ" ಅಂತ ಕೆಂಪು ಮಸಿಯನ್ನು ಕೇಳಿಕೊಂಡಿದ್ದರು. ನಾನು ಸೈಬರ್ ಕೆಫೆಗೆ ಹೋದ ದಿನ ಎಸ್ಸೆಸ್ಸೆಲ್ಸಿ ರಿಸಲ್ಟು. ಕಾಲಿಡಲು ಜಾಗವಿಲ್ಲ. ನನ್ನ ಪಕ್ಕದ ಕಂಪ್ಯೂಟರಿನ ಮುಂದೆ ಉಡಿಗಾಲದಿಂದ ಬಂದ ರೈತರೊಬ್ಬರು ಮಗಳ ಜೊತೆ ಉಸಿರು ಬಿಗಿಹಿಡಿದು ಕೂತಿದ್ದರು.

ನಾನು ಅವರ ಬ್ಲಾಗು ತೆರೆದೆ. ಕಾಡಿನ ಫೋಟೋ ಮೇಲಿಂದ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಆದರೆ ಶಬ್ದ ಮಾತ್ರ ಒಟ್ಟಿಗೇ ಬಂತು. ಆನೆ ಘೀಳಿಟ್ಟಿತು. ಸ್ಪೀಕರು ಪೂರ್ತಿ ಏರಿಸಿಟ್ಟಿದ್ದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಕಡೆ ಆ ಶಬ್ದ ಕೇಳಿದ ಮೇಲೆ ಎಲ್ಲಿಂದ ಬಂತು ಅಂತ ಯಾರೂ ವಿಚಾರಿಸುತ್ತಾ ಕೂರುವುದಿಲ್ಲ. ರೈತರು ಮಗಳ ಕೈ ಹಿಡಿದು ಎದ್ದೇಬಿಟ್ಟರು.

"ಆನೆ ಕಣಮ್ಮಿ! ಓಡು!"

"ಅಪ್ಪಾ, ರಿಜಲ್ಟು!"

"ಬದುಕಿದ್ರೆ ನೋಡ್ಕಳನ, ನಡಿ!"

ಅವರ ಹಿಂದೆ ಅರ್ಧ ಅಂಗಡಿ ಖಾಲಿಯಾಯಿತು. ನಾನು ಮುಚ್ಚುವ ಗುರುತು ಹುಡುಕುತ್ತಿದ್ದೆ. ಮೌಸು ಸಿಗಲಿಲ್ಲ, ಆನೆ ಮತ್ತೆ ಘೀಳಿಟ್ಟಿತು. ನಿಲ್ಲದ ಹಾಗೆ ಜೋಡಿಸಿದ್ದರು ಪುಣ್ಯಾತ್ಮರು. ಅಂಗಡಿಯವನು ಓಡಿಬಂದು ಮೈನ್ ಸ್ವಿಚ್ಚನ್ನೇ ಆರಿಸಿದ. ಉಳಿದವರ ರಿಸಲ್ಟೂ ಹೋಯಿತು. "ಯಾರ್ರೀ ಅದು?" ಅಂತ ಎಲ್ಲರೂ ಆಚೀಚೆ ನೋಡಿದರು. ನಾನೂ ಆಚೀಚೆ ನೋಡಿದೆ.

ಬರವಣಿಗೆ ನಿಜಕ್ಕೂ ಚೆನ್ನಾಗಿತ್ತು. ಹಾಗೇ ಬರೆದೆ. ಆದರೆ ಓದುಗರಲ್ಲಿ ಎದೆ ಗಟ್ಟಿ ಇಲ್ಲದವರೂ ಇರುತ್ತಾರೆ, ಆನೆಯ ಕೂಗನ್ನು ದಯವಿಟ್ಟು ತೆಗೆಯಿರಿ ಅಂತ ಬೇಡಿಕೊಂಡೆ. ಉತ್ತರ ಮರುದಿನವೇ ಬಂತು: "ಸಾರ್, ತಮ್ಮ ಸಲಹೆಯಂತೆ ಆನೆಯನ್ನು ತೆಗೆದಿದ್ದೇನೆ. ಈಗ ಹುಲಿ ಹಾಕಿದ್ದೇನೆ. ಬಂದು ಕೇಳಿ."

ಬಸ್ಸಿನಲ್ಲಿ

ಒಂದು ಬೆಳಿಗ್ಗೆ ತೆರಕಣಾಂಬಿಯಲ್ಲಿ ಹತ್ತಿದ ಇಬ್ಬರು ನನ್ನ ಮುಂದಿನ ಸೀಟಿನಲ್ಲಿ ಕೂತರು. ಒಬ್ಬನ ಕೈಯಲ್ಲಿ ಕೆಂಪು ಮಸಿಯ ವಿಮರ್ಶೆಯ ಪ್ರಿಂಟು. ಅವನ ಬ್ಲಾಗಿನದೇ ಇರಬೇಕು, ಮುಖ ಹಾಗಿತ್ತು. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

"ಈವಯ್ಯಂಗೆ ಮನೇಲಿ ಕೆಲ್ಸ ಇಲ್ಲ ಕಣ್ಲಾ," ಅಂದ ಒಬ್ಬ.

"ಎಂಡ್ತಿ ಅನ್ನೋಳು ಇದ್ದಿದ್ರೆ ಇಂಗೆಲ್ಲ ಬರೀತಿದ್ನಾ?" ಅಂದ ಇನ್ನೊಬ್ಬ.

"ಹೆಂಡತಿ ಇಲ್ಲ," ಅಂದುಬಿಟ್ಟೆ. ಬಾಯಿಗೆ ಬಂದದ್ದು ನಿಜವೇ ಆಗಿತ್ತು, ಏನು ಮಾಡಲಿ?

ಇಬ್ಬರೂ ತಿರುಗಿದರು. "ನಿಮ್ಗೆ ಗೊತ್ತಾ ಮೇಡಂ ಅವ್ರು?"

"ಇಲ್ಲ... ಯಾರೋ ಹೇಳಿದ್ರು."

"ತೀರೋದ್ರಾ ಪಾಪ?"

"ಇಲ್ಲಪ್ಪ. ಮೊದಲಿಂದಾನೂ ಇಲ್ಲ."

"ನಾನೇಳ್ಲಿಲ್ವಾ!" ಅಂತ ಒಬ್ಬ ಇನ್ನೊಬ್ಬನ ತೊಡೆಗೆ ಹೊಡೆದ. "ಎಣ್ಣು ಕೊಡೋರು ಓದಿರ್ತಾರೆ ಕಣ್ಲಾ ಇವ್ನ ಬರ್ದಿದ್ನ!"

ಉದ್ದ

"ಹಲ್ಲು ಮತ್ತು ಬಾಳು" ಅಂತ ಒಂದು ಬ್ಲಾಗಿತ್ತು. ಬರೆಯುವವರು ದಂತವೈದ್ಯರು ಅನ್ನುವುದು ತಿಳಿಯುತ್ತಿತ್ತು, ಊರು ತಿಳಿಯುತ್ತಿರಲಿಲ್ಲ. ಮೈಸೂರಿನವರಿರಬೇಕು ಅಂದುಕೊಂಡು ಧೈರ್ಯವಾಗಿ ಬರೆದಿದ್ದೆ: "ಡಾಕ್ಟರ ವಾಕ್ಯ ಒಂದು ತೆರಕಣಾಂಬಿಯಲ್ಲಿ ಹತ್ತಿದರೆ ಊಟಿಯಲ್ಲೇ ಇಳಿಯುವುದು."

ಆಮೇಲೆ ನನ್ನ ದವಡೆ ಹಲ್ಲು ಹುಳುಕಾಗಿ ಪ್ರಾಣ ಹಿಂಡಿತು. ಕಾಲೇಜಿನ ಹತ್ತಿರವೇ ಇದ್ದ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಡಾಕ್ಟರು ನೋಡಿ, ಕೀಳಲೇಬೇಕು ಅಂದರು. ಇಂಜೆಕ್ಷನ್ ಕೊಟ್ಟು, ದವಡೆ ಜೋಮು ಹಿಡಿದ ಮೇಲೆ ಬಾಯೊಳಗೆ ಕೈ ಹಾಕಿಕೊಂಡು ಕೇಳಿದರು. "ನೀವು ಕನ್ನಡ ಲೆಕ್ಚರರ್ ಅಲ್ವಾ? ನಿಮ್ಮ ಹತ್ರ ಒಂದು ಅಭಿಪ್ರಾಯ ಕೇಳ್ಬೇಕು. ನಾನೊಂದು ಬ್ಲಾಗು ಬರೀತೀನಿ, ಹಲ್ಲು ಮತ್ತು ಬಾಳು ಅಂತ."

ಜೋಮು ಹಿಡಿದದ್ದೆಲ್ಲ ಎಚ್ಚರವಾಯಿತು.

"ಕೆಂಪು ಮಸಿ ಅಂತ ಒಬ್ಬ ನನ್ನ ವಾಕ್ಯ ಉದ್ದ ಅಂದಿದಾನೆ. ಉದ್ದನಾ?"

"ಆ... ಆ..." ಅಂದೆ. ನನಗೆ ಗೊತ್ತಿಲ್ಲ ಅಂತ ಅದರರ್ಥ.

"ಹಾಂ ಅಂತೀರಾ?" ಇಕ್ಕಳ ನಿಂತಿತು.

ಇಲ್ಲ ಇಲ್ಲ ಅಂತ ತಲೆಯಾಡಿಸಿದೆ.

"ತಲೆ ಅಲ್ಲಾಡಿಸ್ಬೇಡಿ!" ಅಂದವರು ಹಲ್ಲನ್ನು ಹಿಡಿದು ಶುರು ಮಾಡಿದರು: "ನೋಡಿ, ಒಬ್ಬ ಮನುಷ್ಯ ಬೆಳಿಗ್ಗೆಯಿಂದ ಸಂಜೆ ತನಕ ಬೇರೆಯವರ ಬಾಯಿ ನೋಡ್ಕೊಂಡು ನಿಂತು, ಅವರು ಮಾತಾಡೋ ಹಾಗಿಲ್ಲ ಇವನ ಮಾತು ಕೇಳೋರಿಲ್ಲ ಅಂತಾಗಿ, ಮನೆಗೆ ಹೋದ್ರೆ ಹೆಂಡತಿ ಟಿವಿ ನೋಡ್ತಾ ಸುಮ್ನಿರಿ ಅಂದು, ಆ ಮಾತೆಲ್ಲ ಒಳಗೇ ಉಳಿದು, ಅದು ಬರಹದಲ್ಲಿ ಬಂದಾಗ ಒಂದಕ್ಕೊಂದು ಅಂಟಿಕೊಂಡೇ ಬರೋದು ಸಹಜ ತಾನೇ ಅಂತ ಯಾರಾದ್ರೂ ಸ್ವಲ್ಪ ಯೋಚನೆ ಮಾಡಿದ್ರೆ..." ವಾಕ್ಯ ಮುಗಿಯಲಿಲ್ಲ, ಹಲ್ಲು ಬಂತು.

"ಈಗ ಹೇಳಿ, ಉದ್ದನಾ?"

ಬಾಯಿ ತುಂಬ ಹತ್ತಿ. ಹೆಬ್ಬೆರಳು ತೋರುಬೆರಳು ಹತ್ತಿರ ತಂದು, ಚಿಕ್ಕದು, ತೀರಾ ಚಿಕ್ಕದು ಅಂತ ತೋರಿಸಿದೆ.

ಅವರು ತೃಪ್ತಿಯಿಂದ ನನ್ನ ಹಲ್ಲನ್ನು ಬೆಳಕಿಗೆ ಎತ್ತಿ ಹಿಡಿದರು. "ಬೇರು ನೋಡಿ ಮೇಡಂ. ಉದ್ದ ಅಂದ್ರೆ ಇದು."

ಊಟಕ್ಕೆ ಬಂದವರು

ಇದಾದ ಮೇಲೆ ಬಯ್ಯುವಂಥ ಬ್ಲಾಗು ಬೇಡ, ಹೊಗಳುವಂಥದ್ದು ಹುಡುಕೋಣ ಅಂತ ಹೊರಟೆ. "ಮೂಕ ಪತಿ" ಅನ್ನುವ ಹೆಸರಿನಲ್ಲಿ ಒಬ್ಬರು ಬರೆಯುತ್ತಿದ್ದುದು ಸಿಕ್ಕಿತು. ಬಿಳಿ ಹಿನ್ನೆಲೆ, ದಪ್ಪ ಅಕ್ಷರ. ಹಿಮವಿಲ್ಲ, ಪ್ರಾಣಿಗಳಿಲ್ಲ. ಬರೆದದ್ದೆಲ್ಲ ತನ್ನ ಹೆಂಡತಿಯ ಬಗ್ಗೆ. ಆಕೆ ಗಣಿತದ ಮೇಡಂ. ಮದುವೆಗೆ ಹೋದರೆ ಲಗ್ನಪತ್ರಿಕೆಯ ತಪ್ಪು ತಿದ್ದಿ ಹೆಣ್ಣಿನ ಅಪ್ಪನ ಕೈಗೆ ಕೊಡುತ್ತಾಳೆ. ಹೋಟೆಲ್ಲಿನಲ್ಲಿ ಗೋಡೆ ಮೇಲಿನ ಬೋರ್ಡು ತಿದ್ದುತ್ತಾ ದೋಸೆ ಆರಲು ಬಿಡುತ್ತಾಳೆ. ನಿದ್ದೆಯಲ್ಲಿ "ಮಹಾಪ್ರಾಣ, ಮಹಾಪ್ರಾಣ" ಅಂತ ಕನವರಿಸುತ್ತಾಳೆ. ಯಾರದೋ ಪ್ರಾಣ ಹೋಗುತ್ತಿದೆ ಅಂತ ಗಂಡ ಎದ್ದು ಕೂರುತ್ತಾನೆ.

ಓದಿ ಓದಿ ನಕ್ಕೆ. ಆ ಗಂಡನ ಮೇಲೆ ಮರುಕವೂ ಬಂತು. ಬರೆದೆ: "ವಿನ್ಯಾಸ ಅಚ್ಚುಕಟ್ಟು, ಭಾಷೆ ತಿಳಿನೀರು. ಆದರೆ ಹೆಂಡತಿಯ ಪಾತ್ರ ಅತಿಶಯೋಕ್ತಿ. ಗಣಿತದ ಮೇಡಂಗೆ ಮಹಾಪ್ರಾಣದ ಚಿಂತೆ ಯಾಕೆ? ಇಂಥ ಹೆಂಗಸು ಭೂಮಿಯ ಮೇಲೆ ಇರುವುದು ಸಾಧ್ಯವಿಲ್ಲ."

ಅದರ ಕೆಳಗೆ ಉತ್ತರ ಬಂತು. "ಸ್ವಾಮೀ, ಇದ್ದಾಳೆ. ಗಣಿತ ಅಂತ ಬರೆದದ್ದು ಪ್ರಾಣಭಯದಿಂದ. ನೀವೂ ಈ ಸೀಮೆಯವರೇ ಅಂತ ಕಾಣುತ್ತದೆ. ಭಾನುವಾರ ಊಟಕ್ಕೆ ಬನ್ನಿ, ಕಣ್ಣಾರೆ ನೋಡಿ. ವಿಳಾಸ ಮೇಲ್ ಮಾಡಿದ್ದೇನೆ." ಮರ್ಯಾದೆಗೆ ಒಂದು ಮಾತು ಅಂತ "ಸಂತೋಷ, ಬರೋಣ" ಎಂದು ಬರೆದೆ. ಮೇಲ್ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು.

ಶನಿವಾರ ಸಂಜೆ ನಮ್ಮ ಯಜಮಾನರು ಆಫೀಸಿನಿಂದ ಬರುವಾಗ ಕಡಲೆಬೇಳೆ, ಬೆಲ್ಲ ತಂದರು. "ನಾಳೆ ಒಬ್ಬಟ್ಟು ಮಾಡ್ತೀಯಾ? ದೊಡ್ಡವರೊಬ್ಬರು ಊಟಕ್ಕೆ ಬರ್ತಾರೆ."

"ಯಾರು?"

"ಸಾಹಿತ್ಯದೋರು. ನಾನು ಆಫೀಸಲ್ಲಿ ಬಿಡುವಾದಾಗ ಒಂದು ಬ್ಲಾಗು ಬರೀತೀನಿ, ನಿಂಗೆ ಹೇಳಿರ್ಲಿಲ್ಲ. ಕೆಂಪು ಮಸಿ ಅಂತ ಒಬ್ಬ ವಿಮರ್ಶಕರು ಮೆಚ್ಚಿದಾರೆ."

ನನ್ನ ಕೈಯಿಂದ ಸೌಟು ಬಿತ್ತು. ಸಂಭ್ರಮಕ್ಕೆ ಬಿತ್ತು ಅಂತ ಅವರು ತಿಳಿದರು. "ಗಾಬರಿ ಆಗ್ಬೇಡ," ಅಂದರು, "ನಾಳೆ ಅವರ ಮುಂದೆ ನೀನು ಯಾವಾಗ್ಲೂ ಹೇಗಿರ್ತೀಯೋ ಹಾಗೇ ಇರು. ಏನೂ ಬದಲಾಯಿಸ್ಕೋಬೇಡ." ಮದುವೆಯಾದ ಮೇಲೆ ಅವರ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

ಆ ರಾತ್ರಿ ಬಾಯಿಗೆ ಸೆರಗು ಒತ್ತಿಕೊಂಡು ಮಲಗಿದೆ, ಕನವರಿಸಿದರೆ ಅಂತ.

ಭಾನುವಾರ ಒಬ್ಬಟ್ಟು ಬೇಯಿಸುತ್ತಾ ಬೇಯಿಸುತ್ತಾ ಹೇಳಿಬಿಡೋಣ ಅಂತ ಹತ್ತು ಸಲ ಬಾಗಿಲ ತನಕ ಹೋಗಿ ಬಂದೆ. ಯಜಮಾನರು ಇಸ್ತ್ರಿ ಮಾಡಿದ ಪಂಚೆಯುಟ್ಟು ಗೇಟಿನಲ್ಲಿ ನಿಂತಿದ್ದರು. ಅವರ ಮುಖ ನೋಡಿ ಬಾಯಿ ಬರಲಿಲ್ಲ. ಅತ್ತೆಗೆ, ನಮ್ಮಿಬ್ಬರಿಗೆ, ಬರುವವರಿಗೆ ಅಂತ ನಾಲ್ಕು ಎಲೆ ಹಾಕಿಯಾಗಿತ್ತು. ಒಂದು ಗಂಟೆ ದಾಟಿತು. ಸೈಕಲ್ಲು ತಳ್ಳಿಕೊಂಡು ಬಂದ ಹಿರಿಯರೊಬ್ಬರನ್ನು ಯಜಮಾನರು ಕೈಮುಗಿದು ಕೇಳಿದ್ದು ಅಡುಗೆಮನೆಗೇ ಕೇಳಿಸಿತು. "ಕೆಂಪು ಮಸೀನಾ?"

"ಇಲ್ಲ ಬುದ್ಧಿ, ಕೆಂಪು ದಂಟು ಐತೆ. ಎರಡು ಕಟ್ಟು ಕೊಡ್ಲಾ?"

ಒಳಗೆ ನಮ್ಮತ್ತೆಗೆ ಹಸಿವು ತಡೆಯಲಿಲ್ಲ. "ಏನ್ಲಾ, ಬರೋರು ಊಟಕ್ಕೆ ಬತ್ತಾರೋ, ತಿಥಿಗೆ ಬತ್ತಾರೋ?"

"ದೊಡ್ಡೋರು ಕಣವ್ವ, ಸ್ವಲ್ಪ ತಡ್ಕೋ," ಅಂತ ಯಜಮಾನರು ಒಳಗೆ ಬಂದು, ಅಮ್ಮನನ್ನು ಸಮಾಧಾನ ಮಾಡಲು ವಿಮರ್ಶೆಯ ಪ್ರಿಂಟು ತೆಗೆದು ಓದಿದರು. "ಇಂಥ ಹೆಂಗಸು ಭೂಮಿಯ ಮೇಲೆ ಇರುವುದು ಸಾಧ್ಯವಿಲ್ಲ" ಅನ್ನುವಲ್ಲಿಗೆ ಬಂದಾಗ ತಾಯಿ ಮಗ ಇಬ್ಬರೂ ಒಮ್ಮೆ ನನ್ನ ಕಡೆ ನೋಡಿದರು.

ಇನ್ನು ನನ್ನ ಕೈಯಲ್ಲಿ ಆಗಲಿಲ್ಲ. ಹೋಗಿ ನಾಲ್ಕನೆಯ ಎಲೆಯ ಮುಂದೆ ಕೂತೆ.

"ಅದು ಅವರ ಎಲೆ ಕಣೇ," ಅಂದರು ಯಜಮಾನರು.

"ಅವರು ಬಂದಾಯ್ತು."

"ಎಲ್ಲಿ?" ಅಂತ ಗೇಟಿನ ಕಡೆ ಓಡಲು ಹೊರಟರು.

"ಇಲ್ಲೇ, ರೀ. ಕೂತಿದೀನಿ."

ನಿಂತರು. ಪ್ರಿಂಟು ನೋಡಿದರು, ನನ್ನನ್ನು ನೋಡಿದರು, ಮತ್ತೆ ಪ್ರಿಂಟು ನೋಡಿದರು. ಅತ್ತೆಗೆ ಬ್ಲಾಗು ಗೊತ್ತಿಲ್ಲದಿದ್ದರೂ ವಿಷಯ ಮೊದಲು ಅರ್ಥವಾದದ್ದು ಅವರಿಗೇ.

"ಅಯ್ಯೋ ನಿನ್ ಮನೆ ಕಾಯೋಗ! ತನ್ನ ಸುದ್ದೀನ ತಾನೇ ಓದ್ಕಂಡು, ಇಂಥೋಳು ಎಲ್ಲೂ ಇಲ್ಲ ಅಂದ್ಬುಟ್ಯಾ ಅಮ್ಮಿ?" ಅಂತ ನಗಲು ಶುರು ಮಾಡಿದವರು ಕೆಮ್ಮು ಬರುವ ತನಕ ನಕ್ಕರು.

ಯಜಮಾನರು ನಗಲಿಲ್ಲ. ನೇರ ಅಡುಗೆಮನೆಗೆ ಹೋದರು. ಅವರಿಗೆ ಕೋಪ ಬಂತು, ಇನ್ನು ಮನೆಯಲ್ಲಿ ಎಷ್ಟು ದಿನ ಮೌನವೋ ಅಂತ ನಾನು ಎಲೆಯನ್ನೇ ನೋಡುತ್ತಾ ಕೂತೆ. ಒಬ್ಬಟ್ಟು, ತುಪ್ಪದ ಬಟ್ಟಲು ಹಿಡಿದು ಬಂದರು. ನನ್ನ ಎಲೆಯ ಮುಂದೆ ಸೊಂಟ ಬಗ್ಗಿಸಿ, ಒಬ್ಬಟ್ಟು ಬಡಿಸಿ, ಅದರ ಮೇಲೆ ಚಮಚ ಹಿಡಿದು, ಬಹಳ ವಿನಯದಿಂದ ಕೇಳಿದರು:

"ಸ್ವಾಮೀ, ತುಪ್ಪ ಅಲ್ಪಪ್ರಾಣ ಹಾಕ್ಲೋ, ಮಹಾಪ್ರಾಣ ಹಾಕ್ಲೋ?"